ಕೈಗುಣ

ಬೋರಾ ಗಾಳಿ ಎದ್ದ ರಾತ್ರಿಯೇ ಫೋನು ಬರುತ್ತದೆ:
ಮೂರನೆಯ ಓಣಿಯ ಯಂತ್ರ ಮತ್ತೆ ಕೈಕೊಟ್ಟಿದೆ.

ತ್ರಿಯೆಸ್ತೆಯ ತಿರುವುಗಳಲ್ಲಿ ಆಗ
ಗೋಡೆಗೆ ಕಟ್ಟಿದ ಹಗ್ಗ ಹಿಡಿದು ನಡೆಯುತ್ತಾರೆ ಮುದುಕಿಯರು;
ಸ್ಕೂಟರುಗಳು ಸಾಲಾಗಿ ಮಕಾಡೆ ಮಲಗಿರುತ್ತವೆ.
ಸಾಮಾನಿನ ಚೀಲ ಎದೆಗವಚಿಕೊಂಡು ನಾನು
ಗುಡ್ಡ ಹತ್ತುತ್ತೇನೆ,
ಭೂಕಂಪಗಳ ದಾಖಲೆ ಇಟ್ಟ ಕಟ್ಟಡಕ್ಕೆ.

ಒಳಗೆ ಹದಿನೆಂಟು ಡಿಗ್ರಿ. ಗಾಳಿ ಎಂಬುದು
ಫ್ಯಾನು ಹೇಳಿದಷ್ಟೇ.
ಆರು ಸಾವಿರ ಗೂಡು, ಗೂಡಿಗೊಂದು ಟೇಪು,
ಬೆನ್ನ ಮೇಲೆ ಬಾರ್‌ಕೋಡು.
ನಡುವೆ ಹಳಿ. ಹಳಿಯ ಮೇಲೆ ಅದು:
ತಲೆಯಿಲ್ಲ, ಒಂದು ಕಣ್ಣು, ಒಂದೇ ಕೈ, ಎರಡು ಬೆರಳು.
ಕೇಳಿದ್ದನ್ನು ತಂದುಕೊಡುತ್ತದೆ,
ತಂದದ್ದನ್ನು ಇದ್ದಲ್ಲೇ ಇಡುತ್ತದೆ.
ಇಷ್ಟು ಮಾಡುವ ಮನುಷ್ಯರನ್ನು ನಾನು ಕಂಡಿಲ್ಲ,
ನನ್ನನ್ನೂ ಸೇರಿಸಿ.

ಮೊದಲು ಕೆಂಪು ಗುಂಡಿ, ಆಮೇಲೆ ಬೀಗ.
ಕೀಲಿ ನಿನ್ನ ಜೇಬಿನಲ್ಲಿದ್ದರೆ ಮಾತ್ರ ಒಳಗೆ ತಲೆ ಹಾಕು
ಎಂದು ಕಲಿಸಿದ ಎಡ್ವಿನ್ ಷ್ಕೆರ್ಕನಿಗೆ
ಎಡಗೈಯ ಕಿರುಬೆರಳು ಇರಲಿಲ್ಲ.
ಕೇಳಿದರೆ, ಮೀನು ಕಚ್ಚಿತು ಎನ್ನುತ್ತಿದ್ದ.

ನವೆಂಬರಿನಲ್ಲಿ, ಮೊದಲ ಸಲ ಬೀಳಿಸಿದಾಗ,
ಮಣಿಕಟ್ಟಿನ ನಾಲ್ಕು ಸ್ಕ್ರೂ ಬಿಚ್ಚಿ
ಅದರ ಕೈಯನ್ನು ಕೈಗೆ ತೆಗೆದುಕೊಂಡೆ.
ಒಂದೂವರೆ ಕಿಲೋ. ಇನ್ನೂ ಬೆಚ್ಚಗಿತ್ತು.
ಎಂಟು ಲಕ್ಷ ನಲವತ್ತು ಸಾವಿರ ಸಲ
ಹಿಡಿದಿದೆ, ಬಿಟ್ಟಿದೆ, ಲೆಕ್ಕವಿದೆ.
ಬೆರಳ ತುದಿಯ ರಬ್ಬರು ಸವೆದು
ಬಚ್ಚಲಲ್ಲಿ ಉಳಿದ ಸೋಪಿನ ಚೂರಿನ ಹಾಗೆ.
ಅದನ್ನು ಬದಲಿಸಿದೆ.
ಡಿಸೆಂಬರಿನಲ್ಲಿ ಬೆಲ್ಟು. ಆಮೇಲೆ ಕಣ್ಣು.
ಜನವರಿಯಲ್ಲಿ ಇಡೀ ಕೈಯನ್ನೇ.

ಹೊಸ ಕೈಯೂ ಬೀಳಿಸಿತು. ಅದೇ ಓಣಿ,
ಮೇಲಿಂದ ಎರಡನೆಯ ಸಾಲು.
ಮ್ಯೂನಿಕ್ಕಿನ ಕಂಪನಿ ಉತ್ತರ ಬರೆಯಿತು:
ನಮ್ಮ ಕೈಯಲ್ಲಿ ದೋಷವಿಲ್ಲ, ನಿಮ್ಮ ಕೈಗುಣ ನೋಡಿಕೊಳ್ಳಿ.
ಇಷ್ಟು ಚಂದವಾಗಿ ಬರೆಯಲಿಲ್ಲ. ಅರ್ಥ ಇದೇ.

ಫೆಬ್ರವರಿಯ ಆ ರಾತ್ರಿ
ನೆಲ ಒರೆಸುವ ನೋರೀನಾ ಬಾಗಿಲಲ್ಲಿ ನಿಂತಿದ್ದಳು.
“ಇವತ್ತೂ ಬಿತ್ತಾ? ಬೀಳದೆ ಏನು.
ನೋಡಿ, ನನ್ನ ನೀರು ನಡುಗ್ತಾ ಇದೆ.”

ಬಕೆಟ್ಟಿನಲ್ಲಿ ಬಳೆಯೊಳಗೆ ಬಳೆ.
ಹೊರಗೆ ಬೋರಾ ಗೋಡೆಗೆ ಹೆಗಲು ಕೊಟ್ಟಿತ್ತು.
ತೊಲೆಯಿಂದ ಹಳಿಗೆ, ಹಳಿಯಿಂದ ಮಣಿಕಟ್ಟಿಗೆ
ಕೂದಲೆಳೆಯಷ್ಟು ಕಂಪನ:
ಕಣ್ಣು ಗುರಿ ಹಿಡಿದಾಗ ಗೂಡು ಅಲ್ಲಿಲ್ಲ,
ಮತ್ತೆ ನೋಡಿದರೆ ಅಲ್ಲೇ ಇದೆ.

ಊರೂರಿನ ನಡುಕವನ್ನೆಲ್ಲ ಟೇಪಿಗೆ ತುಂಬಿಟ್ಟ ಮನೆ
ತಾನು ನಡುಗುವುದನ್ನು ಎಲ್ಲೂ ಬರೆದುಕೊಂಡಿರಲಿಲ್ಲ.

ನಾನು ನಕ್ಕೆ. ಅವಳು ನಗಲಿಲ್ಲ.
ಎಪ್ಪತ್ತಾರರ ಮೇ ತಿಂಗಳಲ್ಲಿ ಜೆಮೋನಾದಲ್ಲಿದ್ದಳಂತೆ,
ಆರು ವರ್ಷದವಳು.
“ಯಾರೋ ಕೈ ಹಿಡಿದು ಎಳೆದರು. ಕತ್ತಲು, ಸುಣ್ಣದ ಧೂಳು.
ಬೀದಿಗೆ ಬಂದ ಮೇಲೆ ಬಿಟ್ಟರು.
ಯಾರ ಕೈಯೋ, ಇವತ್ತಿಗೂ ಗೊತ್ತಿಲ್ಲ.”

ಹಾಗೆನ್ನುತ್ತಾ ಕೆಳಗೆ ಬಿದ್ದಿದ್ದ ಟೇಪು ಎತ್ತಿ
ಏಪ್ರನ್ನಿಗೆ ಒರೆಸಿ ನನಗೆ ಕೊಟ್ಟಳು.
ನಿಯಮದ ಪ್ರಕಾರ ಅವಳು ಮುಟ್ಟುವಂತಿಲ್ಲ.
ನಿಯಮದ ಪ್ರಕಾರ ನಾನೂ
ಬೆನ್ನಿನ ನಂಬರು ಓದಬಹುದು, ಅಷ್ಟೇ;
ಒಳಗಿರುವುದು ಯಾವ ರಾತ್ರಿ, ಯಾವ ಊರು,
ಕೇಳುವಂತಿಲ್ಲ. ಕೇಳಲಿಲ್ಲ.

ಹಳಿಯ ಕಾಲುಗಳಿಗೆ ನಾಲ್ಕು ಮೆತ್ತೆ ಕೊಟ್ಟೆ.
ಒಂಬತ್ತು ಯೂರೋ ನಲವತ್ತು ಸೆಂಟು, ರಸೀದಿ ಇದೆ.
ಬೆಲ್ಟನ್ನು ಬೆರಳಲ್ಲಿ ಮೀಟಿ, ದನಿ ಕೇಳಿ,
ಬಿಳಿ ಚೌಕಕ್ಕೆ ಕಣ್ಣು ಹೊಂದಿಸಿ,
ಬೀಗ ತೆಗೆದೆ.

ಎದ್ದ ಕೂಡಲೇ ಅದು ಮಾಡುವ ಕೆಲಸ ಒಂದೇ:
ಆರು ಸಾವಿರ ಗೂಡುಗಳ ಮುಂದೆಯೂ ಹೋಗಿ ನಿಂತು
ಯಾರಿದ್ದಾರೆ ಯಾರಿಲ್ಲ ಎಂದು
ನೋಡಿ ಬರುವುದು. ಇಪ್ಪತ್ತು ನಿಮಿಷ ಬೇಕು.

ನನ್ನ ಕೆಲಸ ಮುಗಿದಿತ್ತು, ಚೀಲ ಕಟ್ಟಿದೆ.
ನೋರೀನಾ ಬಕೆಟ್ಟು ಕೆಳಗಿಟ್ಟು
ಗಾಜಿಗೆ ಹಣೆ ಒತ್ತಿ
ಕೊನೆಯ ಗೂಡಿನವರೆಗೂ ನಿಂತಳು.